ಸೀಟಿಗೊಂದು ಸೇವೆ

ಭಜನಾ ಮಂಡಳಿಯ ಕ್ರೂಸರಿನಲ್ಲಿ ಪುಕ್ಕಟೆ ಸೀಟು ಸಿಗಬೇಕಾದರೆ ರಾಗಜ್ಞಾನ ಬೇಕಿಲ್ಲ, ಸೊಂಟ ಗಟ್ಟಿಯಿದ್ದರೆ ಸಾಕು. ಹಾರ್ಮೋನಿಯಂ ಪೆಟ್ಟಿಗೆ, ಮೈಕಿನ ಡಬ್ಬಿ, ಜಮಖಾನೆಯ ಸುರುಳಿ, ಬಡಿಸುವ ಬಕೀಟುಗಳು, ಇಷ್ಟನ್ನೂ ಏರಿಸಿ ಇಳಿಸಬಲ್ಲವನಿಗೆ ರಾಯಚೂರಿನಿಂದ ಮಾನ್ವಿಗೆ, ಒಮ್ಮೊಮ್ಮೆ ದೇವದುರ್ಗದ ಕಡೆಗೆ, ಕಾಸಿಲ್ಲದ ಪ್ರಯಾಣ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲೂ ಗೇಟು ಕಾಯುವ ಸ್ವಯಂಸೇವಕರಿಗೆ ಒಳಗೆ ಪುಕ್ಕಟೆ ಪ್ರವೇಶವಿದೆ. ಆದರೆ ಮೊದಲು ಠೇವಣಿ ಕಟ್ಟಬೇಕು. ಪಾಳಿ ತಪ್ಪಿಸಿದರೆ ದುಡ್ಡು ಹೋಯಿತು. ನಮ್ಮಲ್ಲಿ ಠೇವಣಿಯಿಲ್ಲ. ತಪ್ಪಿಸಿದವನನ್ನು ಮನೆಯಲ್ಲಿ ವಿಚಾರಿಸಿಕೊಳ್ಳುತ್ತಾರೆ.

ಮುಂಚೆ ಈ ಗಾಡಿಯಲ್ಲಿ ಗಂಡಸರಿಗೆ ಜಾಗವೇ ಇರಲಿಲ್ಲ. ಹಾಡುವವರು ಹೆಂಗಸರು, ವಂತಿಗೆ ಎತ್ತಿದವರೂ ಅವರೇ. ಡ್ರೈವರ್ ಒಬ್ಬನೇ ಪುರುಷ ಪ್ರತಿನಿಧಿ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದದ್ದೇ ಲೆಕ್ಕ ತಿರುವುಮುರುವಾಯಿತು. ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡರೆ ಮಾನ್ವಿ ಮುಟ್ಟಿದಂತೆ. “ನಾವು ಬಸ್ಸಿನ್ಯಾಗ ಹೋಗ್ತೀವ್ರಿ, ನೀವು ಸಾಮಾನ ಹಾಕ್ಕೊಂಡು ಗಾಡ್ಯಾಗ ಬರ್ರಿ” ಎಂದು ನಮ್ಮ ಮನೆಯವರು ತಾಳದ ಚೀಲವನ್ನಷ್ಟೇ ಹೆಗಲಿಗೇರಿಸಿ ಹೊರಟುಬಿಟ್ಟರು. ಸರ್ಕಾರ ಹೆಂಗಸರಿಗೆ ಕೊಟ್ಟ ಸೌಲಭ್ಯದಿಂದ ಗಂಡಸರಿಗೂ ಉದ್ಯೋಗ ಸೃಷ್ಟಿಯಾಯಿತೆಂದು ಯಾವ ಅರ್ಥಶಾಸ್ತ್ರಜ್ಞನೂ ಇನ್ನೂ ಬರೆದಂತಿಲ್ಲ.

ದಾರಿಯಲ್ಲಿ ಕಲ್ಲೂರು. ಮಹಾಲಕ್ಷ್ಮಿಗೆ ಕೈಮುಗಿದು, ಮಂಡಾಳ ಒಗ್ಗರಣಿ, ಮೇಲೆರಡು ಬಿಸಿ ಮಿರ್ಚಿ. ಈ ಖರ್ಚು ಮಾತ್ರ ನಮ್ಮದೇ. ತಿನ್ನುತ್ತಾ ಯೋಚಿಸಿದರೆ ಅಚ್ಚರಿಯಾಗುತ್ತದೆ: ಬಿಸಿಲು, ಧೂಳು, ಹತ್ತಿಗಷ್ಟೇ ಹೆಸರಾದ ಸೀಮೆ ಇದು ಎನ್ನುವವರುಂಟು. ಆದರೆ ಇದೇ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು. ಗುರು, ಶಿಷ್ಯ, ಪ್ರಶಿಷ್ಯ ಮೂವರೂ ಒಂದೇ ಜಿಲ್ಲೆಯವರು. ತಂಬೂರಿ ಮೀಟುತ್ತ ಊರೂರು ತಿರುಗಿದ ಪರಂಪರೆಯ ಅವರು ಗಾಡಿ ಬಾಡಿಗೆಗೆ ವಂತಿಗೆ ಎತ್ತಿದ ದಾಖಲೆಯಿಲ್ಲ.

ಜಗನ್ನಾಥದಾಸರ (1728–1809) ಕತೆಯಂತೂ ಊಟದಿಂದಲೇ ಶುರು. ಆಗಿನ್ನೂ ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದ ದೊಡ್ಡ ಪಂಡಿತರು. ಮಾನ್ವಿಗೆ ಬಂದ ವಿಜಯದಾಸರು ಪ್ರಸಾದಕ್ಕೆ ಕರೆದರೆ, ಕನ್ನಡದಲ್ಲಿ ಹಾಡಿಕೊಂಡು ತಿರುಗುವವರ ಪಂಕ್ತಿಗೆ ಹೋಗುವುದೇ ಎಂದುಕೊಂಡು ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪ ನಿಜವಾಯಿತು. ಕೊನೆಗೆ ಗೋಪಾಲದಾಸರ ಬಳಿ ಹೋಗಿ ಗುಣವಾಗಿ, ತಾವೇ ದಾಸರಾಗಿ, ಕನ್ನಡದಲ್ಲೇ ‘ಹರಿಕಥಾಮೃತಸಾರ’ ಬರೆದರು. ಅಂದಿನಿಂದ ಇರಬೇಕು, ಮಾನ್ವಿಯಲ್ಲಿ ನಡೆಯುವ ಅವರ ಆರಾಧನೆಯಲ್ಲಿ ಊಟ ಒಲ್ಲೆ ಎಂದವರನ್ನು ನಾನು ಕಂಡಿಲ್ಲ. ನನ್ನ ಶಾಸ್ತ್ರಶ್ರದ್ಧೆ ಎಷ್ಟೆಂದರೆ ಹಯಗ್ರೀವವನ್ನು ಎರಡನೇ ಸಲವೂ ನಿರಾಕರಿಸುವುದಿಲ್ಲ.

ಭಾದ್ರಪದ ಶುದ್ಧ ನವಮಿಯ ಆರಾಧನೆಯ ಹೊತ್ತಿಗೆ ಮಳೆ ಇರುತ್ತದೆ, ಕೆಸರಿರುತ್ತದೆ, ಚಪ್ಪಲಿಗಳ ಗುಡ್ಡವಿರುತ್ತದೆ. ಚಪ್ಪಲಿ ಕಾಯುವುದು ಸುಖದ ಕೆಲಸ. ಕೂತಲ್ಲೇ ಎಲ್ಲ ಹಾಡೂ ಕೇಳುತ್ತದೆ, ಯಾರು ಶ್ರುತಿ ತಪ್ಪಿದರೆಂದು ಮುಖ ನೋಡಬೇಕಿಲ್ಲ. ಕಷ್ಟದ್ದು ಸಮಯಪಾಲನೆ. ಒಂದೊಂದು ಮಂಡಳಿಗೂ ಇಂತಿಷ್ಟೇ ಹೊತ್ತು ಎಂದು ಗೊತ್ತುಮಾಡಿರುತ್ತಾರೆ. ಹೊತ್ತು ಮೀರಿದಾಗ ವೇದಿಕೆಯ ಪಕ್ಕ ಬಗ್ಗಿ ನಿಂತು, “ಅಕ್ಕಾರ, ಮುಗಸ್ರಿ” ಎನ್ನಬೇಕು. ಅಕ್ಕ ಕಣ್ಣು ಮುಚ್ಚಿ ಇನ್ನೊಂದು ಪದ ಎತ್ತಿಕೊಳ್ಳುತ್ತಾರೆ. ಭಕ್ತಿಯಲ್ಲಿ ಕಣ್ಣು ಮುಚ್ಚಿದವರನ್ನು ಎಬ್ಬಿಸುವ ವಿದ್ಯೆ ಯಾವ ಗುರುವೂ ಕಲಿಸಿಲ್ಲ. ಕೆಳಗೆ ಸೀರೆಯ ಬಣ್ಣ ಒಂದೇ ಮಾಡಿಕೊಂಡು ಕಾಯುತ್ತಿರುವ ಮುಂದಿನ ಮಂಡಳಿಯವರು ನೋಡುವುದು ವೇದಿಕೆಯನ್ನಲ್ಲ, ನನ್ನನ್ನು.

ಇದಕ್ಕೆ ಹೋಲಿಸಿದರೆ ರಾಯಚೂರಿನ ಪಂಡಿತ ಸಿದ್ದರಾಮ ಜಂಬಲದಿನ್ನಿ ರಂಗಮಂದಿರದ ಕಚೇರಿಗಳಲ್ಲಿ ಸೇವಕನ ಬದುಕು ಹಗುರ: ಹಾರ, ಶಾಲು, ನೀರಿನ ಬಾಟಲಿ. ಕಾರಹುಣ್ಣಿಮೆಗೆ ನಡೆಯುವ ಮುಂಗಾರು ಹಬ್ಬದಲ್ಲಿ ಹಗಲು ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ, ಸಂಜೆ ಹಾಡು, ಕುಣಿತ. ಆದರೆ ಎರಡೂ ಊರೊಳಗಿನವು. ಪ್ರಯಾಣವಿಲ್ಲದ ಸೇವೆಗೆ ನನಗೆ ಅಷ್ಟಾಗಿ ಮನಸ್ಸು ಬರುವುದಿಲ್ಲ.

ಈಗ ಮಂಡಳಿಯವರು ತಿರುಪತಿಯ ಮಾತೆತ್ತಿದ್ದಾರೆ. ಅಲ್ಲಿಗೆ ಶೂನ್ಯ ಟಿಕೆಟ್ ನಡೆಯುವುದಿಲ್ಲ. ಹಾಗಾಗಿ ಕ್ರೂಸರಿನ ಸೀಟುಗಳೆಲ್ಲ ಮತ್ತೆ ಹೆಂಗಸರ ಪಾಲು. ನಾನು ರೈಲಿಗೆ ದುಡ್ಡು ಕೊಟ್ಟು ಹೋಗಬೇಕಂತೆ. ಅಲಿಪಿರಿಯಿಂದ ಹಾಡುತ್ತಾ ನಡೆದೇ ಹತ್ತುವ ಸಂಕಲ್ಪ, 3550 ಮೆಟ್ಟಿಲು. “ಅಲ್ಲಿ ಗಂಡಸರಿಗೂ ಪುಕ್ಕಟೆ ನೋಡ್ರಿ” ಎಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಹಾರ್ಮೋನಿಯಂ ಹೊರುವವರ ಪಟ್ಟಿಯಲ್ಲಿ ನನ್ನ ಹೆಸರು ಆಗಲೇ ಬಿದ್ದಿದೆ.