ಎತ್ತೋಕೆ ನಾವಿದ್ದೀವಲ್ಲ!

ಹಳೇ ಮನೆ ಅಂದರೆ ಎಲ್ಲರಿಗೂ ಅಕ್ಕರೆ. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಕೂತು ಹರಟೋಕೆ ಜಗಲಿ. ಫೋಟೊ ಹಿಡಿದು ‘ಆಹಾ’ ಎನ್ನುವವರು ಆ ಮನೆಯೊಳಗೆ ಎಷ್ಟು ಸಲ ಕಾಲೆತ್ತಿ ಇಡಬೇಕೆಂದು ಎಣಿಸಿರುವುದಿಲ್ಲ. ಬಸವನಗುಡಿಯಲ್ಲಿರುವ ನಮ್ಮ ದೊಡ್ಡಮ್ಮನ ಮನೆ ಅರವತ್ತರ ದಶಕದ್ದು. ಅಂಗಳದಿಂದ ಜಗಲಿಗೆ ನಾಲ್ಕು ಮೆಟ್ಟಿಲು, ಹಜಾರಕ್ಕೆ ಮೂರಿಂಚಿನ ಹೊಸ್ತಿಲು, ಊಟದ ಮನೆಗೆ ಒಂದು ಇಳಿತ, ಅಡುಗೆಮನೆಗೆ ಮತ್ತೆ ಏರು, ಬಚ್ಚಲಿಗೆ ಕೊನೆಯ ಧುಮುಕು. ಕಟ್ಟಿಸಿದಾಗ ದೊಡ್ಡಪ್ಪನಿಗೆ ಮೂವತ್ತೈದು. ಆ ವಯಸ್ಸಿನಲ್ಲಿ ಮನೆ ಕಟ್ಟಿಸುವ ಯಾರಿಗೂ ತಮ್ಮ ಮಂಡಿಚಿಪ್ಪೂ ಒಂದು ದಿನ ಸವೆಯುತ್ತದೆಂಬ ಅನುಮಾನ ಬರುವುದಿಲ್ಲ.

ದೊಡ್ಡಮ್ಮ ಸೊಂಟದ ಮೂಳೆ ಮುರಿದುಕೊಂಡು, ಆಸ್ಪತ್ರೆಯಿಂದ ವ್ಹೀಲ್‌ಚೇರಿನಲ್ಲಿ ಮನೆಗೆ ಬಂದರು. ಕುಟುಂಬದ ಸಭೆ ಸೇರಿತು. ಕುರ್ಚಿ ಓಡಾಡುವ ಹಾಗೆ ಮನೆ ರಿಪೇರಿ ಮಾಡಿಸಬೇಕು ಅನ್ನುವ ಮಾತು ಪೂರ್ತಿ ಹೊರಬೀಳುವ ಮೊದಲೇ ಹಿರಿಯ ಮಗ ಸಭೆಯನ್ನು ಮುಗಿಸಿಬಿಟ್ಟ: “ಅದಕ್ಯಾಕೆ ಅಷ್ಟೊಂದು ಖರ್ಚು? ಎತ್ತೋಕೆ ನಾವಿದ್ದೀವಲ್ಲ!”

ಈ ‘ನಾವು’ ಯಾರು ಅಂತ ಸ್ವಲ್ಪ ವಿಚಾರಿಸಬೇಕು. ಹಿರಿಯ ಮಗನಿಗೆ ಡಿಸ್ಕ್ ತೊಂದರೆ; ಗ್ಯಾಸ್ ಸಿಲಿಂಡರ್ ಕೂಡ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಎರಡನೆಯವನು ನ್ಯೂಜೆರ್ಸಿಯಲ್ಲಿದ್ದಾನೆ, ಅವನು ವಿಡಿಯೊ ಕಾಲಿನಲ್ಲಿ ಎತ್ತುತ್ತಾನೆ. ಅಳಿಯನಿಂದ ಎತ್ತಿಸುವುದು ಮರ್ಯಾದೆಯಲ್ಲ. ಇನ್ನು ಉಳಿದ ‘ನಾವು’ ಅಂದರೆ ಕೆಲಸಕ್ಕೆ ಬರುವ ಹುಡುಗಿ, ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್. ಆದರೂ ಹೆತ್ತವರನ್ನು ಎತ್ತುವುದರಲ್ಲಿ ಪುಣ್ಯ ಇದೆ, ನೋಡಿದವರು ಶ್ರವಣಕುಮಾರ ಅನ್ನುತ್ತಾರೆ. ರ‍್ಯಾಂಪಿನಲ್ಲಿ ಏನಿದೆ? ಸಿಮೆಂಟು, ಮರಳು.

“ನಾಲ್ಕು ಜನ ಎತ್ತಿ ನನ್ನನ್ನ ಹೊರಗೆ ತರೋಕೆ ಇನ್ನೂ ಟೈಮಿದೆ ಕಣೋ” ಅಂದರು ದೊಡ್ಡಮ್ಮ. ಅಪಶಕುನ ನುಡೀಬೇಡಿ ಅಂತ ಎಲ್ಲರೂ ಸೇರಿ ಅವರನ್ನೇ ಗದರಿಸಿದರು.

ಅಂತೂ ಮೇಸ್ತ್ರಿಯನ್ನು ಕರೆಸಿದ್ದಾಯಿತು. ಟೇಪು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. “ಎರಡಡಿ ಹೈಟು ತಾನೇ ಸಾರ್, ಐದಡಿ ರ‍್ಯಾಂಪ್ ಹಾಕಿ ಒಗೆಯೋಣ. ಸ್ಕೂಟರ್ ಸಲೀಸಾಗಿ ಹತ್ತುತ್ತೆ.” ಸ್ಕೂಟರಿಗೆ ಎಂಜಿನ್ ಇದೆಯಪ್ಪ, ದೊಡ್ಡಮ್ಮನಿಗೆ ಇಲ್ಲ. ಲೆಕ್ಕ ಇರುವುದು 1:12. ಒಂದಿಂಚು ಏರಬೇಕಾದರೆ ಕನಿಷ್ಠ ಒಂದಡಿ ಉದ್ದ ಬೇಕು. ಎರಡಡಿ ಏರೋಕೆ 24 ಅಡಿ, ಜೊತೆಗೆ ಮೇಲೂ ಕೆಳಗೂ ಕುರ್ಚಿ ತಿರುಗಿಸಲು ಐದೈದು ಅಡಿ ಸಮತಟ್ಟು ಜಾಗ. ಒಟ್ಟು 34 ಅಡಿ ಅಂದ ಕೂಡಲೇ ಹಿರಿಯ ಮಗ ನಕ್ಕ: “ಏನು, ಫ್ಲೈಓವರ್ ಕಟ್ಟಿಸ್ತೀರಾ?” ಜಾಗವೇನೋ ಮನೆಯ ಪಕ್ಕದಲ್ಲಿ ಧಾರಾಳವಾಗಿತ್ತು. ಅಲ್ಲಿ ಕಾರು ನಿಂತಿತ್ತು.

ನಮಗೆ ರ‍್ಯಾಂಪ್ ಕಟ್ಟೋಕೆ ಬರೋದಿಲ್ಲ ಅಂತ ಮಾತ್ರ ಯಾರೂ ಹೇಳಬಾರದು. ಬೆಂಗಳೂರಿನ ಯಾವ ಬೀದಿಗಾದರೂ ಹೋಗಿ ನೋಡಿ. ಪ್ರತಿ ಗೇಟಿನ ಮುಂದೆ ಚರಂಡಿ ಮುಚ್ಚಿ, ಫುಟ್‌ಪಾತ್ ನುಂಗಿ, ರಸ್ತೆಗೆ ನಾಲಿಗೆ ಚಾಚಿದ ಇಳಿಜಾರು. ಬಂಪರ್ ತಾಗಬಾರದೆಂದು ಒಂದೊಂದು ಇಂಚಿಗೂ ಲೆಕ್ಕ ಹಾಕಿ, ಟೈರು ಜಾರದಿರಲಿ ಎಂದು ಹಸಿ ಸಿಮೆಂಟಿಗೆ ಗೆರೆ ಎಳೆಸಿರುತ್ತಾರೆ. ‘ಎತ್ತೋಕೆ ನಾವಿದ್ದೀವಲ್ಲ’ ಅಂತ ಈವರೆಗೆ ಯಾರೂ ಕಾರಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಹೊಸ್ತಿಲ ವಿಷಯ ಬಂದಾಗ ಅತ್ತಿಗೆ ಎದ್ದು ನಿಂತರು. ಹೊಸ್ತಿಲಲ್ಲಿ ಲಕ್ಷ್ಮಿ ಇರುತ್ತಾಳೆ, ಕಿತ್ತರೆ ಹೊರಟುಹೋಗುತ್ತಾಳೆ. ಕೀಳುವುದು ಬೇಡ, ಎರಡೂ ಕಡೆ ಇಳಿಜಾರಾಗಿ ಮರದ ಹಲಗೆ ಕೂರಿಸಿದರೆ ಸಾಕು ಅಂದರೆ, ಅರಿಶಿನ ಕುಂಕುಮ ಎಲ್ಲಿ ಹಚ್ಚೋದು, ರಂಗೋಲಿ ಎಲ್ಲಿ ಹಾಕೋದು? ಮೂರು ವರ್ಷದ ಹಿಂದೆ ಡಬಲ್ ಡೋರ್ ಫ್ರಿಜ್ ಒಳಗೆ ಹೋಗಲಿಲ್ಲವೆಂದು ಇದೇ ಮನೆಯ ಅಡುಗೆಮನೆ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಹಾಕಿದ್ದರು. ಲಕ್ಷ್ಮಿ ಆಗ ಬಹುಶಃ ಫ್ರಿಜ್ ನೋಡಿ ಸಮಾಧಾನ ಮಾಡಿಕೊಂಡಿರಬೇಕು.

ಬಚ್ಚಲಿನದು ಬೇರೆಯೇ ಪುರಾಣ. ದೊಡ್ಡಮ್ಮ ಬಿದ್ದದ್ದೇ ಅಲ್ಲಿ, ‘ಗ್ರ್ಯಾಂಡಾಗಿ ಕಾಣುತ್ತೆ’ ಅಂತ ಹಾಕಿಸಿದ ಮಿರಮಿರ ಟೈಲ್ಸಿನ ಮೇಲೆ. ಬೀಳುವಾಗ ಆಸರೆಗೆ ಹಿಡಿದ ಟವೆಲ್ ರಾಡು ಎರಡು ಸ್ಕ್ರೂ, ಒಂದು ಹಿಡಿ ಗಾರೆ ಸಮೇತ ಅವರ ಕೈಗೇ ಬಂತು. ಈಗ ಅಲ್ಲಿಗೆ ಹೋಗೋಣವೆಂದರೆ ಬಾಗಿಲು ಎರಡೂವರೆ ಅಡಿ. ಎರಡು ಬದಿಯ ಚೌಕಟ್ಟು ಕಳೆದರೆ 24 ಇಂಚು. ಕುರ್ಚಿ 26. ಸರ್ಕಾರದ ಮಾರ್ಗಸೂಚಿ ಕೇಳುವುದು 900 ಮಿ.ಮೀ., ಹತ್ತಿರಹತ್ತಿರ ಮೂರಡಿ. “ಎರಡಿಂಚಿಗೋಸ್ಕರ ಗೋಡೆ ಒಡೀಬೇಕಾ? ಡೈಪರ್ ಹಾಕಿದ್ರಾಯ್ತು” ಅಂದಿತು ನ್ಯೂಜೆರ್ಸಿ. ಅಲ್ಲಿ ಅವನ ಮನೆಯಲ್ಲಿ ಎರಡೂವರೆ ಬಾತ್‌ರೂಮು. ಎಂಬತ್ತೆರಡರ ಹೆಂಗಸು, ತಲೆ ನೆಟ್ಟಗಿದೆ, ಬೆಳಗಿನ ಪೇಪರಿನ ಪದಬಂಧ ಕಾಫಿ ಆರುವ ಮುಂಚೆ ತುಂಬುತ್ತಾರೆ. ಅವರ ಎದುರಿಗೇ, ಅವರ ಪರವಾಗಿ, ಡೈಪರಿನ ಸೈಜು ಚರ್ಚೆಯಾಯಿತು.

ಇದಕ್ಕೆಲ್ಲ ಕಾಯ್ದೆ ಇಲ್ಲವೇ? ಇದೆಯಲ್ಲ. 2015ರ ಡಿಸೆಂಬರಿನಲ್ಲಿ ಸುಗಮ್ಯ ಭಾರತ ಅಭಿಯಾನ, 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ, 2021ರಲ್ಲಿ ದಪ್ಪ ಮಾರ್ಗಸೂಚಿ. ಬರೀ ಸಲಹೆ ಕೊಟ್ಟು ಕೂತರೆ ಸಾಲದು, ಕಡ್ಡಾಯ ನಿಯಮ ಮಾಡಿ, ಮೂರು ತಿಂಗಳಲ್ಲಿ ಮಾಡಿ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೆ ಹೇಳಿತು. ಆದರೆ ಇವು ನೋಡುವುದು ಕಚೇರಿ, ಆಸ್ಪತ್ರೆ, ರೈಲ್ವೆ ಸ್ಟೇಷನ್ ಕಡೆಗೆ. ಸ್ವಂತ ಮನೆಯಲ್ಲಿ ಹೆತ್ತ ತಾಯಿಗೆ ಬಚ್ಚಲ ಬಾಗಿಲು ಅಗಲ ಮಾಡಿಕೊಡತಕ್ಕದ್ದು ಎಂಬ ಕಲಮು ಹುಡುಕಿದರೂ ಸಿಗುವುದಿಲ್ಲ. ಅದನ್ನೂ ಬಿಡಿಸಿ ಬರೆಯಬೇಕಾದೀತೆಂದು ಬರೆದವರಿಗೆ ತೋಚಿರಲಿಕ್ಕಿಲ್ಲ.

ಕೊನೆಗೆ ದೊಡ್ಡಮ್ಮನೇ ಫ್ಯಾಮಿಲಿ ಪೆನ್ಷನ್ನಿನ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ದುಡ್ಡು ಅವರದು ಅಂದಮೇಲೆ ಎಲ್ಲರಿಗೂ 1:12 ಅರ್ಥವಾಯಿತು. ಕಾರು ಬೀದಿಗೆ ಬಂತು, ಅದರ ಹಿಂದೆಯೇ ಪಕ್ಕದ ಮನೆಯವರ ಜೊತೆ ಜಗಳವೂ ಬಂತು. ಹೊಸ್ತಿಲಿಗೆ ಹಲಗೆ ಕೂತಿತು, ರಂಗೋಲಿ ಒಂದಡಿ ಈಚೆಗೆ ಸರಿಯಿತು. ಲಕ್ಷ್ಮಿ ಇದ್ದಾಳೋ ಹೋದಳೋ, ಅತ್ತಿಗೆ ಏನೂ ಹೇಳಿಲ್ಲ. ಬಚ್ಚಲ ಬಾಗಿಲು ಮಾತ್ರ ಇನ್ನೂ ಚರ್ಚೆಯ ಹಂತದಲ್ಲಿದೆ. ರ‍್ಯಾಂಪ್ ಚೆನ್ನಾಗಿ ಬಂದಿದೆ, ಎರಡೂ ಕಡೆ ಸ್ಟೀಲ್ ಕಂಬಿ, ಮೇಲೆ ಶೀಟಿನ ನೆರಳು. ನೆರಳು ಇದೆಯೆಂದು ಮೊಮ್ಮಗ ಅದರ ಮೇಲೆ ತನ್ನ ಬುಲೆಟ್ ನಿಲ್ಲಿಸುತ್ತಾನೆ.

ಮೊನ್ನೆ ಸಂಜೆ ದೊಡ್ಡಮ್ಮ ಜಗಲಿಯ ತನಕ ತಾವೇ ಕುರ್ಚಿ ತಳ್ಳಿಕೊಂಡು ಬಂದು, ಗಾಡಿ ತೆಗೆಯಪ್ಪ ಅಂದರು. ಹುಡುಗ ಮೊಬೈಲಿನಿಂದ ತಲೆ ಎತ್ತದೆ ಕೇಳಿದ: “ಎಲ್ಲಿಗೆ ಹೋಗ್ಬೇಕು ಅಜ್ಜಿ ಈಗ?”

“ನಿಮ್ಮಪ್ಪ ಹೊರಗೆ ಹೋಗುವಾಗ ಕೇಳ್ತೀಯೇನೋ ಹೀಗೆ? ತೆಗಿ ಮೊದಲು.”