ಮುಂದಕ್ಕೆ ಓಡುವ ರಿವರ್ಸ್ ಗೇರು

ಕಾರನ್ನು ರಿವರ್ಸ್ ತೆಗೆಯುವಾಗ ಬಾನೆಟ್ಟಿನ ಒಳಗಿಂದ ‘ಕುಂಯ್ಯ್’ ಅಂತ ಒಂದು ರಾಗ ಹೊರಡುತ್ತದಲ್ಲ, ಕೇಳಿದ್ದೀರಾ? ಮುಂದಕ್ಕೆ ಹೋಗುವಾಗ ಆ ರಾಗ ಇರುವುದಿಲ್ಲ. ಅದು ಮುಂದಕ್ಕೆ ಹೋಗುವಾಗಲೂ, ಐದೂ ಗೇರಿನಲ್ಲೂ, ಕಿವಿ ತುಂಬ ಕೇಳಬೇಕು ಅಂತ ನನ್ನ ಭಾಮೈದ ಲಕ್ಷಗಟ್ಟಲೆ ಸುರಿಯಲು ಹೊರಟಿದ್ದಾನೆ. ಇದಕ್ಕೆ ಅವನು ಇಟ್ಟಿರುವ ಹೆಸರು ಅಪ್‌ಗ್ರೇಡ್.

ಕಾರು ಯಾವುದು ಅಂತ ಕೇಳಿ. ಫೆರಾರಿ ಅಲ್ಲ, ಪೋರ್ಶೆ ಅಲ್ಲ. ಹೋಂಡಾ ಸಿಟಿ, ಅದೂ 2003ಕ್ಕೆ ನಿಂತುಹೋದ ಹಳೇ ಮಾದರಿ. ನಾಲ್ಕು ಬಾಗಿಲು, ಹಿಂದಿನ ಗಾಜಿನ ಮೇಲೆ ನಮ್ಮತ್ತೆ ಅಂಟಿಸಿದ ಧರ್ಮಸ್ಥಳದ ಸ್ಟಿಕ್ಕರ್, ಡಿಕ್ಕಿಯಲ್ಲಿ ಅವರದೇ ಮಡಚುವ ಕುರ್ಚಿ. ಇದನ್ನು ಅವನು ‘ನನ್ನ ಸ್ಪೋರ್ಟ್ಸ್ ಕಾರು’ ಅಂದಾಗಲೆಲ್ಲ ಮೊದಮೊದಲು ನಾವು ಗೇಟಿನ ಹತ್ತಿರ ಹೋಗಿ ಇಣುಕುತ್ತಿದ್ದೆವು, ಬೇರೆ ಯಾವುದಾದರೂ ಗಾಡಿ ಬಂದು ನಿಂತಿದೆಯೇನೋ ಅಂತ.

ಹಾಗಂತ ಆ ಗಾಡಿಯನ್ನು ಹೀಗಳೆದರೆ ನಾಲಿಗೆಗೆ ಒಳ್ಳೆಯದಲ್ಲ. 1.5 ಲೀಟರ್ ಎಂಜಿನ್ನಿನಿಂದ 106 ಅಶ್ವಶಕ್ತಿ ತೆಗೆಯುತ್ತಿದ್ದ ವಿಟೆಕ್ ಅದು. ಅದರ ಕ್ಯಾಮ್‌ಶಾಫ್ಟಿನ ಮೇಲೆ ಎರಡು ಬಗೆಯ ಉಬ್ಬುಗಳಿವೆ. ಎಂಜಿನ್ ನಿಧಾನವಾಗಿ ತಿರುಗುವಾಗ ಚಿಕ್ಕ ಉಬ್ಬು ವಾಲ್ವುಗಳನ್ನು ತೆರೆಯುತ್ತದೆ. ಆರ್‌ಪಿಎಂ ಏರಿ ಒಂದು ಹಂತ ದಾಟಿತು ಅನ್ನಿ, ಎಣ್ಣೆಯ ಒತ್ತಡಕ್ಕೆ ಒಂದು ಪಿನ್ನು ಸರಿದು ದೊಡ್ಡ ಉಬ್ಬು ಕೆಲಸಕ್ಕೆ ಇಳಿಯುತ್ತದೆ. ವಾಲ್ವುಗಳು ಇನ್ನೂ ಎತ್ತರಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆದುಕೊಳ್ಳುತ್ತವೆ. ಅಲ್ಲಿಯತನಕ ಸಾಧುವಾಗಿದ್ದ ಗಾಡಿಗೆ ಆಗ ಬರುವ ಪಿಕಪ್ಪೇ ಬೇರೆ. ಬೆಂಗಳೂರಿನ ಹುಡುಗರು ಇಪ್ಪತ್ತು ವರ್ಷ ಹಳೆಯ ಈ ಕಾರನ್ನು ಹುಡುಕಿಕೊಂಡು ಹೋಗುವುದು ಇದೇ ಸುಖಕ್ಕೆ.

ಕಷ್ಟ ಇರುವುದೂ ಇಲ್ಲೇ.

“ಭಾವ, ಎರಡರಿಂದ ಮೂರಕ್ಕೆ ಹಾಕಿದ ತಕ್ಷಣ ಆರ್‌ಪಿಎಂ ಬಿದ್ದೋಗತ್ತೆ. ವಿಟೆಕ್ಕೇ ಬಿಟ್ಟೋಗತ್ತೆ. ಮತ್ತೆ ಅಲ್ಲಿಗೆ ಬರೋಷ್ಟರಲ್ಲಿ ಮುಂದಿನ ತಿರುವು ಬಂದಿರತ್ತೆ.”

“ಪಕ್ಕದಲ್ಲಿ ಕೂತ ನಿಮ್ಮಮ್ಮಂಗೆ ಅಷ್ಟು ಹೊತ್ತಾದ್ರೂ ನೆಮ್ಮದಿ ಅಲ್ವೇನೋ?” ಅಂದೆ. ಅವನಿಗೆ ನಗು ಬರಲಿಲ್ಲ.

ಅವನು ಹೇಳಿದ್ದು ಸರಿಯೇ. ಲೆಕ್ಕ ಸುಲಭ. ಎರಡನೇ ಗೇರಿನ ಅನುಪಾತ 2, ಮೂರನೆಯದು 1.4 ಅಂತ ಇಟ್ಟುಕೊಳ್ಳಿ. ಏಳು ಸಾವಿರ ಆರ್‌ಪಿಎಂನಲ್ಲಿ ಗೇರ್ ಏರಿಸಿದರೆ ಮುಳ್ಳು 4900ಕ್ಕೆ ಬೀಳುತ್ತದೆ. ಮೂರನೆಯದು 1.6 ಆಗಿದ್ದರೆ 5600ರಲ್ಲೇ ನಿಲ್ಲುತ್ತಿತ್ತು. ಗೇರುಗಳ ನಡುವಿನ ಅಂತರ ಹೀಗೆ ಕಡಿಮೆ ಮಾಡಿದ ಪೆಟ್ಟಿಗೆಗೆ ಕ್ಲೋಸ್ ರೇಷಿಯೋ ಅನ್ನುತ್ತಾರೆ. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ, ಅದು ಚೆನ್ನಾಗಿ ಎಳೆಯುವ ಜಾಗದಲ್ಲೇ ಅದನ್ನು ಕಟ್ಟಿಹಾಕುವ ಉಪಾಯ.

ಆದರೆ ನಮ್ಮ ಹುಡುಗ ಮೊದಲು ಮಾಡಿದ್ದು ಅದನ್ನಲ್ಲ. ಯಾರೋ ಹೇಳಿದರು ಅಂತ ಫೈನಲ್ ಡ್ರೈವ್, ಅಂದರೆ ಪೆಟ್ಟಿಗೆಯಿಂದ ಚಕ್ರಗಳಿಗೆ ಹೋಗುವ ಕೊನೆಯ ಗೇರು ಜೋಡಿ, ಬದಲಿಸಿ, ಗಾಡಿಯ ಗೇರನ್ನು ಶೇಕಡ ಹತ್ತರಷ್ಟು ಗಿಡ್ಡ ಮಾಡಿಸಿಕೊಂಡು ಬಂದ. ಏಣಿಯನ್ನು ಒಂದು ಮೊಳ ಕೆಳಕ್ಕೆ ಇಳಿಸಿದರೆ ಮೆಟ್ಟಿಲುಗಳ ನಡುವಿನ ಅಂತರ ಕಡಿಮೆಯಾಗುತ್ತದೆಯೇ? ಇಲ್ಲೂ ಅಷ್ಟೇ. ಫೈನಲ್ ಡ್ರೈವ್ ಎಲ್ಲ ಗೇರುಗಳನ್ನೂ ಒಟ್ಟಿಗೆ ಗಿಡ್ಡ ಮಾಡುತ್ತದೆ. ಎಲ್ಲ ಗೇರಿನಲ್ಲೂ ಎಳೆತ ಜಾಸ್ತಿಯಾಗುತ್ತದೆ, ಸುಳ್ಳಲ್ಲ. ಎರಡು ಮೂರರ ನಡುವಿನ ಹಳ್ಳ ಮಾತ್ರ ಇದ್ದಲ್ಲೇ ಇರುತ್ತದೆ. ಜೊತೆಗೆ ಹೆದ್ದಾರಿಯಲ್ಲಿ ಮೂರು ಸಾವಿರದಲ್ಲಿ ಹಾಯಾಗಿ ಹೋಗುತ್ತಿದ್ದ ಎಂಜಿನ್ನು ಅದೇ ವೇಗಕ್ಕೆ ಮೂರು ಸಾವಿರದ ಮುನ್ನೂರರಲ್ಲಿ ಗೊಣಗುತ್ತಾ ಹೋಗುತ್ತದೆ. ಹಾಸನ ದಾಟುವ ತನಕ ಸುಮ್ಮನಿದ್ದ ನಮ್ಮತ್ತೆ, “ಇನ್ನೊಂದು ಗೇರ್ ಹಾಕೋ, ಪಾಪ ಅರಚ್ಕೊಳ್ತಿದೆ” ಅಂದರಂತೆ. ಇನ್ನೊಂದು ಗೇರ್ ಇರಲಿಲ್ಲ.

ಹಾಗಾಗಿ ಈಗ ಪೂರ್ತಿ ರೇಸ್ ಗೇರ್‌ಬಾಕ್ಸಿನ ಮೇಲೆ ಕಣ್ಣು. ಅದರ ಗುಣಗಾನ ಅವನ ಬಾಯಲ್ಲೇ ಕೇಳಬೇಕು. ಒಂದನೆಯದಾಗಿ, ಹಲ್ಲುಗಳು ನೇರ. ಮಾಮೂಲಿ ಕಾರಿನ ಗೇರ್ ಚಕ್ರಗಳ ಹಲ್ಲನ್ನು ಓರೆಯಾಗಿ ಕೊರೆದಿರುತ್ತಾರೆ. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಮೆಲ್ಲಗೆ ಕಚ್ಚುವುದರಿಂದ ಸದ್ದಿಲ್ಲ. ಆದರೆ ಓರೆ ಹಲ್ಲು ಚಕ್ರಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಒತ್ತಡವನ್ನು ಬೇರಿಂಗು ತಡೆದುಕೊಳ್ಳಬೇಕು. ನೇರ ಹಲ್ಲಿಗೆ ಆ ರಗಳೆ ಇಲ್ಲ. ಸದ್ದು ಮಾತ್ರ ಜಾಸ್ತಿ. ಸಾಮಾನ್ಯ ಕಾರುಗಳಲ್ಲಿ ಹೆಚ್ಚಾಗಿ ರಿವರ್ಸ್ ಗೇರಿಗೆ ಮಾತ್ರ ಈ ನೇರ ಹಲ್ಲು ಕೊಡುತ್ತಾರೆ. ಹಿಂದಕ್ಕೆ ಹೋಗುವುದು ನಾಲ್ಕು ಮಾರು ತಾನೇ, ಕೂಗಿದರೆ ಕೂಗಲಿ ಅಂತ. ಮೊದಲೇ ಹೇಳಿದೆನಲ್ಲ ಆ ರಾಗ, ಅದರ ಮೂಲ ಇದು.

ಎರಡನೆಯದಾಗಿ, ಸಿಂಕ್ರೊ ಇಲ್ಲ. ಗೇರ್ ಹಾಕುವಾಗ ತಿರುಗುವ ಎರಡು ಭಾಗಗಳ ವೇಗವನ್ನು ಉಜ್ಜಿ ಸಮ ಮಾಡುವ ಹಿತ್ತಾಳೆಯ ಉಂಗುರ ಅದು. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು, ಚಾಲಕರ ಕೈಕಾಲಿನ ಅರ್ಧ ಕಷ್ಟ ಹೋಯಿತು. ರೇಸ್ ಪೆಟ್ಟಿಗೆಯಲ್ಲಿ ಅದನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ದಪ್ಪ ದಪ್ಪ ಮೊಂಡು ಹಲ್ಲುಗಳನ್ನು ಕೂರಿಸುತ್ತಾರೆ. ಅವುಗಳ ನಡುವೆ ಬೇಕಾದಷ್ಟು ಜಾಗ. ಧಡ್ ಅಂತ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಕಚ್ಚುತ್ತವೆ. ಮೆಲ್ಲಗೆ ಹಾಕಿದಿರೋ, ಹಲ್ಲಿನ ತುದಿ ಸವೆದು ದುಂಡಗಾಗಿ, ಆಮೇಲೆ ಹಾಕಿದ ಗೇರು ತಾನೇ ಹೊರಬರುತ್ತದೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಲೆಗೆ ಮೊಟಕಿ ಮೊಟಕಿ “ಮೆತ್ತಗೆ ಹಾಕಪ್ಪಾ” ಅಂತ ಕಲಿಸಿದ್ದೆಲ್ಲ ಇಲ್ಲಿ ನೀರಲ್ಲಿ ಹೋಮ.

“ಅಂದ್ರೆ, 1928ಕ್ಕಿಂತ ಹಿಂದಕ್ಕೆ ಹೋಗೋಕೆ ಇಷ್ಟು ದುಡ್ಡಾ?” ಅಂತ ಕೇಳಿದೆ.

“ಭಾವ, ನಿಮಗೆ ಅರ್ಥ ಆಗಲ್ಲ ಬಿಡಿ.”

ಅರ್ಥ ಆಗದೆ ಏನು! ಚಾರ್ಮಾಡಿ ಘಾಟಿಯಲ್ಲಿ ಹಳೇ ಲಾರಿ ಓಡಿಸುತ್ತಿದ್ದವರನ್ನು ಕೇಳಿ ನೋಡಿ. ಆ ಲಾರಿಗಳಿಗೂ ಸಿಂಕ್ರೊ ಇರಲಿಲ್ಲ. ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಒಂದು ಸಲ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಇಳಿಸಬೇಕು. ತಿರುವಿನಲ್ಲಿ, ಇಳಿಜಾರಿನಲ್ಲಿ, ಹಿಂದೆ ಹತ್ತು ಟನ್ ಭಾರ ಇಟ್ಟುಕೊಂಡು, ತುಟಿಯಲ್ಲಿನ ಬೀಡಿ ಬೀಳದ ಹಾಗೆ ಅವರು ಅದನ್ನು ಮಾಡುತ್ತಿದ್ದರು. ಅವರ ಕೆಲಸಕ್ಕೆ ಯಾರೂ ಸ್ಟಾಪ್‌ವಾಚ್ ಹಿಡಿಯಲಿಲ್ಲ.

ವಾದದಲ್ಲಿ ಸೋಲುವ ಲಕ್ಷಣ ಕಂಡರೆ ಭಾಮೈದ ಫಾರ್ಮುಲಾ ಒನ್ನಿಗೆ ಹಾರುತ್ತಾನೆ. 1989ರಲ್ಲಿ ಫೆರಾರಿ ತಂಡಕ್ಕೆ ಜಾನ್ ಬರ್ನಾರ್ಡ್ ಒಂದು ಕಾರು ಮಾಡಿಕೊಟ್ಟರು. ಗೇರ್ ಲಿವರೇ ಇಲ್ಲ, ಸ್ಟೀರಿಂಗ್ ಹಿಂದೆ ಎರಡು ರೆಕ್ಕೆ. ಪರೀಕ್ಷೆಯ ಓಟಗಳಲ್ಲಿ ಆ ಪೆಟ್ಟಿಗೆ ಎಷ್ಟು ಕೈಕೊಟ್ಟಿತ್ತೆಂದರೆ, ಬ್ರೆಜಿಲ್ಲಿನ ಮೊದಲ ರೇಸಿನ ದಿನ ನೈಜೆಲ್ ಮ್ಯಾನ್ಸೆಲ್ ಬೇಗ ಮನೆಗೆ ಹೊರಡಲು ವಿಮಾನದ ಟಿಕೆಟ್ ಮಾಡಿಸಿಟ್ಟಿದ್ದರಂತೆ. ರೇಸಿನ ನಡುವೆ ಸ್ಟೀರಿಂಗ್ ಚಕ್ರವನ್ನೇ ಬದಲಿಸಬೇಕಾಯಿತು. ಆದರೂ ಗೆದ್ದುಬಿಟ್ಟರು. ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು.

“ನೋಡಿದ್ರಾ? ಗೇರ್‌ಬಾಕ್ಸ್ ಅಂದ್ರೆ ಅದು!” ಅಂತ ಅವನು ಗೆಲುವಿನ ನಗೆ ನಕ್ಕ.

ನಾನೂ ಬಿಡಲಿಲ್ಲ. ಅದಾಗಿ ಎರಡೇ ವರ್ಷಕ್ಕೆ, 1991ರಲ್ಲಿ, ಅದೇ ಬ್ರೆಜಿಲ್ ದೇಶದ ಇಂಟರ್‌ಲಾಗೋಸಿನಲ್ಲಿ ಅಯರ್ಟನ್ ಸೆನ್ನಾ ಏನು ಮಾಡಿದರು? ಕೈಯಿಂದ ಹಾಕುವ ಗೇರಿನ ಮೆಕ್‌ಲಾರೆನ್. ಒಂದೊಂದೇ ಗೇರು ಕೈಬಿಟ್ಟು, ಕೊನೆಯ ಸುತ್ತುಗಳಲ್ಲಿ ಆರನೇ ಗೇರಿನಲ್ಲೇ ಸಿಕ್ಕಿಕೊಂಡರು. ನಿಧಾನದ ತಿರುವಿಗೂ ಆರನೇ ಗೇರು, ನೇರ ರಸ್ತೆಗೂ ಆರನೇ ಗೇರು. ಮಳೆ ಬೇರೆ ಹನಿಯುತ್ತಿತ್ತು. ಹಾಗೆಯೇ ಓಡಿಸಿ ತಾಯ್ನಾಡಿನಲ್ಲಿ ಮೊದಲ ಸಲ ಗೆದ್ದರು. ಕಾರಿನಿಂದ ಇಳಿಯಲೂ ಶಕ್ತಿ ಉಳಿದಿರಲಿಲ್ಲ. “ನಿಂಗೆ ಇನ್ನೂ ಐದೂ ಗೇರು ಸರಿಯಾಗಿ ಬೀಳ್ತಿದೆ ಕಣೋ” ಅಂದೆ. ಆವತ್ತು ಅವನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಇಷ್ಟೆಲ್ಲ ಯಾವ ಸಾಮ್ರಾಜ್ಯಕ್ಕೆ ಅಂತೀರಾ? ಟ್ರ್ಯಾಕ್ ಡೇಗೆ. ಅದು ರೇಸಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಬರುವ ದಿನ. ಕಪ್ಪು ಇಲ್ಲ, ಪದಕ ಇಲ್ಲ. ನಮ್ಮ ಬೆಂಗಳೂರಿನವರು ಇದಕ್ಕಾಗಿ ಸೇಲಂ ಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ, ಇಲ್ಲವೇ ಚೆನ್ನೈ ಪಕ್ಕದ ಇರುಂಗಾಟುಕೊಟ್ಟೈಗೆ. ಕರಿ ಟ್ರ್ಯಾಕು ಎರಡು ಕಿಲೋಮೀಟರಿಗೆ ಸ್ವಲ್ಪ ಮೇಲೆ; ದೆಹಲಿ ಹತ್ತಿರದ ಬುದ್ಧ ಟ್ರ್ಯಾಕಾದರೋ 5.125 ಕಿಲೋಮೀಟರ್, ಅದರಲ್ಲಿ ಒಂದೇ ನೇರ ಓಟ ಒಂದು ಕಿಲೋಮೀಟರಿಗೂ ಹೆಚ್ಚು. ಒಂದಕ್ಕೆ ಹೊಂದಿಸಿದ ಅನುಪಾತ ಇನ್ನೊಂದಕ್ಕೆ ಹೊಂದುವುದಿಲ್ಲ. ಫಾರ್ಮುಲಾ ಒನ್ನಿನವರು ಹಿಂದೆ ಟ್ರ್ಯಾಕಿಗೆ ತಕ್ಕಂತೆ ಗೇರು ಬದಲಿಸುತ್ತಿದ್ದರು. 2014ರಿಂದ ಅವರಿಗೂ ವರ್ಷಪೂರ್ತಿ ಒಂದೇ ಜೋಡಣೆ, ಎಂಟು ಗೇರು. ಕೋಟಿಗಟ್ಟಲೆ ಸುರಿಯುವವರೇ ಹೊಂದಿಕೊಂಡು ಹೋಗುತ್ತಿರುವಾಗ ನಮ್ಮತ್ತೆ ಮಗನದು ಮಾತ್ರ ಹಟ.

ಆ ಕೊಯಮತ್ತೂರಿನ ಟ್ರ್ಯಾಕಿಗೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಮಾಡಿದ್ದೇನು? ನಾವು ನೀವು ತರಕಾರಿ ತರಲು ಹೋಗುತ್ತಿದ್ದ ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ. ಒಂದು ತಲೆಮಾರಿನ ಹುಡುಗರು ಅದರಲ್ಲೇ ಕೈ ಪಳಗಿಸಿಕೊಂಡರು. ಅದರಲ್ಲಿ ಓಡಿಸಿದವರಲ್ಲಿ ಒಬ್ಬರಾದ ನರೈನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೇ ಹೋದರು. ಇದನ್ನು ಭಾಮೈದನಿಗೆ ನೆನಪಿಸಿದರೆ, “ಅದು ಆ ಕಾಲ ಭಾವ” ಅನ್ನುತ್ತಾನೆ. ಕಾಲ ಹಳೆಯದಾದರೆ ತಿರುವುಗಳೇನು ನೆಟ್ಟಗಾಗಿವೆಯೇ?

ಸರಿ, ತಮಾಷೆ ಸಾಕು. ಅವನ ಲೆಕ್ಕವನ್ನೇ ಒಪ್ಪೋಣ. ಒಂದು ಸುತ್ತಿಗೆ ಆರು ಸಲ ಗೇರ್ ಏರಿಸುತ್ತಾನೆ, ಪ್ರತಿ ಸಲ ಕಾಲು ಸೆಕೆಂಡ್ ಉಳಿಯುತ್ತದೆ ಅನ್ನಿ. ಒಂದೂವರೆ ಸೆಕೆಂಡ್ ಆಯಿತು. ಟ್ರ್ಯಾಕಿನಲ್ಲಿ ಅದು ಕಡಿಮೆಯೇನಲ್ಲ. ಆದರೆ ಈ ಮಹಾಶಯ ತಿರುವಿಗೆ ಹದಿನೈದು ಮಾರು ಮುಂಚೆಯೇ ಬ್ರೇಕ್ ಒತ್ತುತ್ತಾನೆ. ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಹಿಡಿದುಕೊಂಡೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವ ವಿದ್ಯೆ ಇನ್ನೂ ಕೂಡಿಬಂದಿಲ್ಲ. ಹಾಗಾಗಿ ಗೇರ್ ಇಳಿಸಿದಾಗಲೆಲ್ಲ ಮುಂದಿನ ಚಕ್ರ ಎಳೆದಾಡುತ್ತದೆ. ಆ ಒಂದೂವರೆ ಸೆಕೆಂಡನ್ನು ಮೊದಲನೇ ತಿರುವಿನಲ್ಲೇ ದಾನ ಮಾಡಿ ಬರುತ್ತಾನೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಅವಸರದಲ್ಲಿ ಎರಡಕ್ಕೆ ಹಾಕುವುದು. ರೇಸ್ ಜಾಸ್ತಿ ಕೊಟ್ಟರೆ ತಡೆಯುವ ಲಿಮಿಟರ್ ಇಲ್ಲಿ ಏನೂ ಮಾಡಲಾರದು. ಯಾಕೆಂದರೆ ಎಂಜಿನ್ನನ್ನು ಆಗ ತಿರುಗಿಸುತ್ತಿರುವುದು ಪೆಟ್ರೋಲಲ್ಲ, ಚಕ್ರಗಳು. ವಾಲ್ವು ಪಿಸ್ಟನ್ನಿಗೆ ಬಡಿದರೆ ಎಂಜಿನ್ ಕಥೆ ಮುಗಿಯಿತು. ಟ್ರ್ಯಾಕಿನ ಮಂದಿ ಇದಕ್ಕೆ ಮನಿ ಶಿಫ್ಟ್ ಅಂತ ಹೆಸರಿಟ್ಟಿದ್ದಾರೆ. ಹೀಗಾಗಲು ಚಾಲಕನ ಕೈಯಷ್ಟೇ ಕಾರಣವಲ್ಲ. ಇಪ್ಪತ್ತು ವರ್ಷದ ಗಾಡಿಯ ಎಂಜಿನ್ ಮೌಂಟಿನ ರಬ್ಬರು ಮೆತ್ತಗಾಗಿರುತ್ತದೆ, ಲಿವರಿನ ಬುಷ್ ಸವೆದಿರುತ್ತದೆ; ತಿರುವಿನಲ್ಲಿ ಎಂಜಿನ್ನು ವಾಲಿದಾಗ ಗೇರು ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಇದನ್ನೆಲ್ಲ ಬಾನೆಟ್ ತೆಗೆದ ಎರಡೇ ನಿಮಿಷಕ್ಕೆ ಹೇಳಿದರು. “ಮೊದ್ಲು ಮೌಂಟು, ಬುಷ್ಷು ಹಾಕ್ಸಿ ಸರ್. ಕಂಪನಿ ಹೇಳಿದ ಗೇರ್ ಎಣ್ಣೇನೇ ಹಾಕಿ, ದಪ್ಪ ಎಣ್ಣೆ ಹಾಕಿ ಸಿಂಕ್ರೊ ಕೆಡಿಸ್ಬೇಡಿ. ಬಾಕ್ಸ್ ಬಿಚ್ಲೇಬೇಕು ಅಂದ್ರೆ ಒಳಗಡೆ ಎಲ್‌ಎಸ್‌ಡಿ ಹಾಕ್ಬಿಡೋಣ.” ಕೊನೆಯ ಮಾತು ಚಿನ್ನ. ಮುಂದಿನ ಚಕ್ರ ಎಳೆಯುವ ಈ ಕಾರುಗಳಲ್ಲಿ, ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇರುವುದು ಗೇರ್‌ಬಾಕ್ಸಿನ ಹೊಟ್ಟೆಯೊಳಗೇ. ತಿರುವಿನಿಂದ ಹೊರಬರುವಾಗ ಒಳಬದಿಯ ಚಕ್ರ ಹಗುರಾಗಿ ಸುಮ್ಮನೆ ಗಿರ್ರನೆ ತಿರುಗಿ, ಶಕ್ತಿಯೆಲ್ಲ ಹೊಗೆಯಾಗಿ ಹೋಗುತ್ತದೆ. ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಇದ್ದರೆ ಆ ಶಕ್ತಿ ಹೊರಬದಿಯ ಚಕ್ರಕ್ಕೂ ಸಿಗುತ್ತದೆ. ನನ್ನನ್ನು ಕೇಳಿದರೆ ಇಂಥ ಗಾಡಿಗೆ ಗೇರ್‌ಬಾಕ್ಸಿನ ಒಳಗೆ ಹಾಕಬೇಕಾದ ಮೊದಲ ದುಡ್ಡು ಇದು. ಕ್ಲೋಸ್ ರೇಷಿಯೋ ಆಮೇಲೆ. ಸಿಂಕ್ರೊ ಕಿತ್ತ ಪೆಟ್ಟಿಗೆಯಂತೂ ರೇಸಿಗೇ ಮೀಸಲಾದ ಕಾರಿಗೆ. ಅತ್ತೆಯವರ ಕುರ್ಚಿ ಹೊರುವ ಕಾರಿಗಲ್ಲ.

ಭಾಮೈದ ಮೇಸ್ತ್ರಿಗೆ ತಲೆಯಾಡಿಸಿದ. ಮನೆಗೆ ಬಂದು ಮತ್ತೆ ಫೋನಿನಲ್ಲಿ ಆ ಕುಂಯ್ಯ್ ರಾಗದ ವಿಡಿಯೋ ಹಾಕಿಕೊಂಡು ಕೂತ. ನನಗೆ ಗೊತ್ತು, ಅವನಿಗೆ ಬೇಕಾಗಿರುವುದು ಸೆಕೆಂಡಲ್ಲ, ಆ ಸದ್ದು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ನಾನೂ ಇಷ್ಟು ಕಾಡುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗ ಇದ್ದರೆ ದಯವಿಟ್ಟು ಅವನ ಕಾರಿನ ವಿಮೆ ಕಾಗದವನ್ನು ಒಮ್ಮೆ ಅವನಿಂದಲೇ ಓದಿಸಿ. ರೇಸಿಗೆ, ವೇಗದ ಪರೀಕ್ಷೆಗೆ ಗಾಡಿ ಬಳಸಿದರೆ ಪರಿಹಾರವಿಲ್ಲ ಅಂತ ಅದರಲ್ಲೇ ಅಚ್ಚಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನೂ ತೋರಿಸಿ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಿ ರಸ್ತೆಗೆ ಇಳಿಸುವಂತಿಲ್ಲ. ಇಷ್ಟು ಓದಿದ ಮೇಲೂ ಬೇಕೇ ಬೇಕು ಅಂದರೆ ಹಾಕಿಸಲಿ ಬಿಡಿ. ಟ್ರ್ಯಾಕಿನಲ್ಲಿ ಮುರಿದದ್ದಕ್ಕೆ ಅವನ ಜೇಬೇ ವಿಮಾ ಕಂಪನಿ. ನಿಮ್ಮ ಹತ್ತಿರ ಸಾಲ ಕೇಳಲು ಬಂದರೆ ಮಾತ್ರ ನ್ಯೂಟ್ರಲ್‌ನಲ್ಲೇ ಇರಿ.