ಚಿಲ್ಲರೆ ಮೀಮಾಂಸೆ

ಅಥ ಚಿಲ್ಲರೆವಿಚಾರಃ.

ಯಾವ ಶಾಸ್ತ್ರಗ್ರಂಥವೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲಿಗೇ ಹೇಳಿ ಮುಗಿಸತಕ್ಕದ್ದು. ಇಲ್ಲಿ ಅಧಿಕಾರಿ ಎಂದರೆ ನಾಣ್ಯಸಂಗ್ರಹಕ್ಕೆ ಈಗತಾನೆ ಇಳಿದವರು. ಭೂತಗನ್ನಡಿ ಕೊಂಡಾಗಿದೆ, ಆಲ್ಬಮ್ಮೂ ಬಂದಿದೆ, ನಾಣ್ಯ ಮಾತ್ರ ಬಾಕಿ. ವಿಷಯ, ಬ್ಯಾಂಕಿನಿಂದ ಹೊತ್ತು ತಂದ ಒಂದು ಚೀಲ ಚಿಲ್ಲರೆ. ಸಂಬಂಧ, ಆ ಚೀಲಕ್ಕೂ ಕ್ಯಾಷಿಯರಿಗೂ ಇದ್ದದ್ದು. ಅದು ಅಂದೇ ಕಡಿದುಹೋಯಿತೆಂದು ಅವರು ನಂಬಿದ್ದಾರೆ. ಪ್ರಯೋಜನವೇನೆಂದು ಮನೆಯವರು ಕೇಳಿದ್ದಾರೆ. ಅದನ್ನು ಸಿದ್ಧಾಂತ ಪ್ರಕರಣದಲ್ಲಿ ನಿರೂಪಿಸಲಾಗುವುದೆಂದು ಹೇಳಿ ಸದ್ಯಕ್ಕೆ ಪಾರಾಗಿದ್ದೇವೆ.

ಲಕ್ಷಣ ಪ್ರಕರಣ

ಚೀಲವೆಂದರೇನು? ‘ಒಳಗಿರುವುದು ಹೊರಗಿನವರಿಗೆ ತಿಳಿಯದಿರುವುದೇ ಚೀಲತ್ವ’ ಎಂದರೆ ಸರ್ಕಾರಿ ಕಡತಕ್ಕೂ ಅದು ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತದೆ. ಆದಕಾರಣ ರಿಸರ್ವ್ ಬ್ಯಾಂಕಿನ ವಚನವನ್ನೇ ಹಿಡಿಯುವುದು ಲೇಸು. ಒಂದು, ಎರಡು ರೂಪಾಯಿಯ ನಾಣ್ಯಗಳನ್ನು ತೂಕದ ಮೇಲೂ ಸ್ವೀಕರಿಸಬಹುದು, ಆದರೆ ನೂರು ನೂರರಂತೆ ಪಾಲಿಥೀನ್ ಪೊಟ್ಟಣದಲ್ಲಿದ್ದರೆ ಎಲ್ಲರಿಗೂ ಅನುಕೂಲ ಎಂಬುದು ಅದರ ಸೂತ್ರ. 1992ರಿಂದ 2004ರವರೆಗಿನ ಸ್ಟೀಲ್ ರೂಪಾಯಿ 4.85 ಗ್ರಾಂ, ಅಂಥ ಸಾವಿರ ಬಿಲ್ಲೆಗಳೆಂದರೆ ಐದು ಕಿಲೋಗೆ ತುಸು ಕಡಿಮೆ. 2011ರ ಮಾದರಿಯದು 3.79 ಗ್ರಾಂ. ಜ್ಞಾನದ ಭಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂಬ ಹಿರಿಯರ ದೂರಿಗೆ ಇದೇ ಆಧಾರ.

ಪೂರ್ವಪಕ್ಷ

ಅಮೆರಿಕವಾದಿಗಳು ಆಕ್ಷೇಪಿಸುತ್ತಾರೆ: ‘ನಮ್ಮಲ್ಲಿ ಚೀಲವೇಕೆ? ಬ್ಯಾಂಕಿನಲ್ಲಿ ಕಾಗದ ಸುತ್ತಿದ ಸುರುಳಿ ಸಿಗುತ್ತದೆ. ಕಾಲು ಡಾಲರಿನ ನಲವತ್ತು ನಾಣ್ಯ, ಒಟ್ಟು ಹತ್ತು ಡಾಲರ್. ಸುರುಳಿ ಬಿಚ್ಚಿ ಅಂಚು ನೋಡಿದರಾಯಿತು. ತಾಮ್ರದ ಗೆರೆ ಕಂಡರೆ 1965ರ ಈಚಿನದು, ಕಾಣದಿದ್ದರೆ 1964ರವರೆಗಿನ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ.’

ಅಂಗೀಕೃತ. ಆದರೆ ಅದು ಆ ದೇಶದ ಪುಣ್ಯ. ನಮ್ಮ ರೂಪಾಯಿಯ ಬೆಳ್ಳಿ 1940ರಲ್ಲೇ ಅರ್ಧಕ್ಕಿಳಿಯಿತು. 1947ರಲ್ಲಿ ಅದು ಬರೀ ನಿಕ್ಕಲ್. ಬೆಳ್ಳಿ ರೂಪಾಯಿ ಇರುವುದು ಅಜ್ಜಿಯ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಆ ವಿಷಯ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ದೋಷ ಪ್ರಕರಣ

ಲೋಕದಲ್ಲಿ ದೋಷವೆಂದರೆ ದೋಷ. ನಮ್ಮ ಶಾಸ್ತ್ರದಲ್ಲಿ ದೋಷವೇ ಗುಣ. ಟಂಕಸಾಲೆಯಲ್ಲಿ ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದೆ ಬಂದ ಬಿಲ್ಲೆಯ ಮೇಲೆ ತನ್ನದೇ ಮುಖವನ್ನು ಒಳಗುಳಿಯಾಗಿ, ತಿರುವುಮುರುವಾಗಿ ಮೂಡಿಸಿದರೆ ಅದಕ್ಕೆ ನಮ್ಮ ವ್ಯಾಪಾರಿಗಳು ‘ಲಖಿ’ ಎಂದು ಹೆಸರಿಟ್ಟು ಬೆಲೆ ಏರಿಸುತ್ತಾರೆ. ಅಚ್ಚು ಪಕ್ಕಕ್ಕೆ ಬಿದ್ದು ಅರ್ಧಚಂದ್ರದಷ್ಟು ಜಾಗ ಖಾಲಿ ಉಳಿದರೂ ಗೌರವವೇ. ಕೆಲಸ ಸರಿಯಾಗಿ ಮಾಡಿದ ಟಂಕಸಾಲೆಯನ್ನು ಕೇಳುವವರಿಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂದು ಗುಲ್ಲೆದ್ದು, ಮರುವರ್ಷ ಸರ್ಕಾರ ಆನೆಯನ್ನು ತಿದ್ದಿತು. ಇಂದು ತಿದ್ದಿದ ಆನೆಗಿಂತ ತಿದ್ದದ ಹಂದಿಗೇ ಬೇಡಿಕೆ. ಸುಧಾರಣೆಯಿಂದ ಬೆಲೆ ಕುಸಿಯುತ್ತದೆ ಎಂಬ ವ್ಯಾಪ್ತಿ ಇದರಿಂದ ಸಿದ್ಧ.

ಪ್ರಮಾಣ ಪ್ರಕರಣ

ಚೀಲದೊಳಗಿನ ಸತ್ಯವನ್ನು ಅರಿಯಲು ಆರು ಪ್ರಮಾಣಗಳು.

ಒಂದು, ಪ್ರತ್ಯಕ್ಷ. ಇಸವಿಯ ಕೆಳಗೆ ಭೂತಗನ್ನಡಿ ಹಿಡಿಯಬೇಕು. ವಜ್ರಾಕಾರವಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ 1988ರಲ್ಲಿ ಶುರುವಾದ ನೋಯ್ಡಾ. 1985ರ ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದು. ದೇಶದಲ್ಲಿ ಚಿಲ್ಲರೆಗೆ ಬರ ಬಂದು ಹೊರದೇಶಕ್ಕೆ ಹೇಳಿ ಮಾಡಿಸಿದ್ದು.

ಎರಡು, ಅನುಮಾನ. ಇದಕ್ಕೆ ಅಯಸ್ಕಾಂತ ಸಾಕು. ಅಂಟಿದರೆ ಸ್ಟೀಲು, ಅಂಟದಿದ್ದರೆ ತಾಮ್ರ-ನಿಕ್ಕಲ್‌ನಂಥ ಬೇರೆ ಲೋಹ. ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ, ಒಂಬತ್ತು ಗ್ರಾಮಿನ ದಪ್ಪ ಐದು ರೂಪಾಯಿ ಇವು ಅಯಸ್ಕಾಂತದ ಮುಂದೆ ಬಾಗುವುದಿಲ್ಲ. ಈ ದಪ್ಪ ಐದನ್ನು ಗಡಿ ದಾಟಿಸಿ ಬಾಂಗ್ಲಾದೇಶದಲ್ಲಿ ಬ್ಲೇಡು ಮಾಡುತ್ತಿದ್ದಾರೆಂದು ಪತ್ರಿಕೆಗಳು ಬರೆದವು. ನಾಣ್ಯಗಳಲ್ಲಿ ಮೋಕ್ಷಕ್ಕೆ ಇದಕ್ಕಿಂತ ನುಣುಪಾದ ದಾರಿ ಮತ್ತೊಂದಿಲ್ಲ.

ಮೂರು, ಉಪಮಾನ. ‘ಇದು ಅದರಂತಿದೆ’ ಎಂಬ ಜ್ಞಾನ. ಹಳೆಯ ಸ್ಟೀಲ್ ಒಂದು ರೂಪಾಯಿಯೂ 2011ರ ಮಾದರಿಯ ಎರಡು ರೂಪಾಯಿಯೂ ಅಡ್ಡಳತೆಯಲ್ಲಿ 25 ಮಿಲಿಮೀಟರ್, ತೂಕದಲ್ಲಿ 4.85 ಗ್ರಾಂ. ತಕ್ಕಡಿಯ ಮಟ್ಟಿಗೆ ಒಂದೂ ಎರಡೂ ಒಂದೇ. ಅದ್ವೈತವನ್ನು ಸರ್ಕಾರಿ ಖರ್ಚಿನಲ್ಲಿ ಸಾಧಿಸಿದ ಉದಾಹರಣೆ ಇದೊಂದೇ.

ನಾಲ್ಕು, ಶಬ್ದ, ಅರ್ಥಾತ್ ಆಪ್ತವಾಕ್ಯ. ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಗೆ ಅರ್ಹವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸಾರಿತು. ಬೀದಿಕೊನೆಯ ಅಂಗಡಿಯವರು ‘ಇದು ನಡೆಯಲ್ಲ ಸಾರ್’ ಎಂದರು. ಶ್ರುತಿಗೂ ಲೋಕಾಚಾರಕ್ಕೂ ವಿರೋಧ ಬಂದಾಗ ಶ್ರುತಿಯೇ ಬಲವತ್ತರ. ಆದರೆ ಹಾಲಿನ ಪ್ಯಾಕೆಟ್ಟು ಇರುವುದು ಲೋಕಾಚಾರದ ಕೈಯಲ್ಲಿ.

ಐದು, ಅನುಪಲಬ್ಧಿ. ಇಲ್ಲದಿರುವಿಕೆಯೇ ಜ್ಞಾನ. ಕೋಲ್ಕತ್ತಾ ಟಂಕಸಾಲೆ ಯಾವ ಗುರುತನ್ನೂ ಹಾಕುವುದಿಲ್ಲ. ಏನೂ ಕಾಣದಿದ್ದರೆ ಕೋಲ್ಕತ್ತಾ. ಈ ಪ್ರಮಾಣವನ್ನು ಮೀಮಾಂಸಕರಲ್ಲಿ ಭಾಟ್ಟರು ಒಪ್ಪುತ್ತಾರೆ, ಪ್ರಾಭಾಕರರು ಒಪ್ಪುವುದಿಲ್ಲ. ಹಾಗಾಗಿ ಪ್ರಾಭಾಕರರ ಆಲ್ಬಮ್ಮಿನಲ್ಲಿ ಕೋಲ್ಕತ್ತಾದ ಸಾಲು ಎಂದೆಂದಿಗೂ ಖಾಲಿ. ಭಾಟ್ಟರೂ ಬೀಗುವಂತಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಕಡೆ ಮಾತ್ರ ಕಾಣದಿರುವುದು ಪ್ರಮಾಣವಾಗುತ್ತದೆ. ಸವೆದ ನೋಯ್ಡಾದ ಚುಕ್ಕೆ ಮಾಯವಾಗಿ ಕೋಲ್ಕತ್ತಾದ ವೇಷ ತೊಟ್ಟು ಬರುವುದುಂಟು.

ಆರು, ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಶಾಸ್ತ್ರಕಾರರು ಈ ದೇವದತ್ತ ಯಾರೆಂದು ಹೇಳದೆ ಹೋದರು. ಅವನು ಹಳೆಯ ನಾಣ್ಯದ ವ್ಯಾಪಾರಿ. ‘ಯಾರೂ ಕೈಹಾಕದ ಚೀಲ, ಕಿಲೋ ಲೆಕ್ಕ’ ಎಂದು ಹಗಲು ಮಾರುತ್ತಾನೆ. ಅವನ ಗಾಜಿನ ಪೆಟ್ಟಿಗೆಯಲ್ಲಿ ಅಪರೂಪದ ನಾಣ್ಯಗಳು ದಿನೇ ದಿನೇ ಹೆಚ್ಚುತ್ತವೆ. ಆದ್ದರಿಂದ, ರಾತ್ರಿ.

ಶುದ್ಧಿ ಪ್ರಕರಣ

ಸಿಕ್ಕ ನಾಣ್ಯವನ್ನು ಹುಣಸೆಹಣ್ಣಿನಿಂದ ಉಜ್ಜಬೇಕೆಂಬುದು ಪಾತ್ರೆವಾದಿಗಳ ಮತ. ಹಾಗೆ ಉಜ್ಜಿದರೆ ವರ್ಷಗಟ್ಟಲೆ ಕಟ್ಟಿದ ಬಣ್ಣವೂ ಮೂಲ ಮೈಯೂ ಕಿತ್ತುಹೋಗಿ, ಬೆಲೆ ಇಳಿಯುತ್ತದೆ. ಈ ಶಾಸ್ತ್ರದಲ್ಲಿ ಮಡಿಯೇ ಮೈಲಿಗೆ. ಪ್ರಕರಣ ಮುಗಿಯಿತು.

ಸಿದ್ಧಾಂತ

ಹಾಗಾದರೆ ಎಂಥ ಚೀಲ ಗ್ರಾಹ್ಯ? ವ್ಯಾಪಾರಿಯ ‘ಹುಡುಕದ ಚೀಲ’ ಗಗನಕುಸುಮ. ಅದರ ಬೆಲೆಯಲ್ಲಿ ನಿಮ್ಮ ಆಸೆಯನ್ನೂ ಮೊದಲೇ ತೂಗಿ ಸೇರಿಸಿರುತ್ತಾರೆ. ಟಂಕಸಾಲೆಯಿಂದ ನೇರ ಬಂದ ಹೊಚ್ಚ ಹೊಸ ಚೀಲದಲ್ಲಿ ಒಂದೇ ಇಸವಿ, ಒಂದೇ ಊರು. ಅದನ್ನು ಹುಡುಕುವುದು ಒಂದೇ ಶ್ಲೋಕವನ್ನು ಸಾವಿರ ಸಲ ಜಪಿಸಿದಂತೆ. ಉಳಿದದ್ದು ಜನರಿಂದ ಬ್ಯಾಂಕಿಗೆ ಮರಳಿದ ಮಿಶ್ರ ಚಿಲ್ಲರೆ: ಹುಂಡಿಯದು, ಬಸ್ಸಿನದು, ಬೀಡಾ ಅಂಗಡಿಯದು. ಅದರಲ್ಲಿ 2006ರ ಬಸವೇಶ್ವರರ ಐದು ರೂಪಾಯಿ ಸಿಕ್ಕೀತು, ಕೈಮುದ್ರೆಯ ಎರಡು ರೂಪಾಯಿ ಸಿಕ್ಕೀತು. ಇವಕ್ಕೆ ಯಾರೂ ಲಕ್ಷ ಕೊಡುವುದಿಲ್ಲ. ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಇನ್ನು, ಬಾಕಿಯಿದ್ದ ಪ್ರಯೋಜನ. ಸಾವಿರ ಕೊಟ್ಟು ತಂದ ಮಿಶ್ರ ಚೀಲ ಏನೂ ಸಿಗದಿದ್ದರೂ ಸಾವಿರವಾಗಿಯೇ ಉಳಿಯುತ್ತದೆ. ಅಸಲು ಕರಗದ ವ್ಯಸನ ಲೋಕದಲ್ಲಿ ಇದೊಂದೇ. ಲಾಟರಿಗೂ ಕುದುರೆಗೂ ಈ ಗುಣವಿಲ್ಲ. ಇಷ್ಟನ್ನು ಮನೆಯವರಿಗೆ ನಿವೇದಿಸಲಾಯಿತು. ‘ಸರಿ, ಈಗ ಆ ಸಾವಿರದಲ್ಲಿ ತರಕಾರಿ ತನ್ನಿ’ ಎಂದರು. ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳನ್ನು ಒಟ್ಟು ಸಾವಿರ ರೂಪಾಯಿಯವರೆಗೆ ಕೊಡುವುದು 2011ರ ನಾಣ್ಯ ಕಾಯಿದೆಯಂತೆ ಸಿಂಧು. ಬದನೆಕಾಯಿ ಮಾರುವ ಅಮ್ಮ ಆ ಕಾಯಿದೆಯನ್ನು ಇನ್ನೂ ಅಧ್ಯಯನ ಮಾಡಬೇಕಿದೆ.

ಫಲಶ್ರುತಿ

ಈ ಪ್ರಬಂಧವನ್ನು ನಿತ್ಯ ಪಠಿಸುವವರಿಗೆ ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದ ಬಾಕಿ ಸ್ಟಾಪ್ ಬರುವ ಮೊದಲೇ ಕೈಸೇರುವುದು. ಕೇಳಿದವರಿಗೆ ಚಿಲ್ಲರೆಯ ಬದಲು ಚಾಕೊಲೇಟು ಬರದು. ಬರೆದು ಹಂಚಿದವರಿಗೆ ಹತ್ತರ ನಾಣ್ಯ ಸಕಲ ಅಂಗಡಿಗಳಲ್ಲೂ ನಡೆಯುವುದು. ಅರ್ಧಕ್ಕೇ ಎದ್ದು ಹೋದವರಿಗೆ ಬರಬೇಕಾದ ಸಾಲವೆಲ್ಲ ನಾಲ್ಕಾಣೆಯಲ್ಲಿ ಸಂದಾಯವಾಗಲಿ. 2011ರ ಜೂನ್ ಕೊನೆಗೇ ಅದರ ಚಲಾವಣೆ ನಿಂತಿದೆ.